ಕೂರುವುದನ್ನು ಬಿಟ್ಟ ಮಗು: ಹಿಮೋಫಿಲಿಯಾ ಮತ್ತು ಬೆನ್ನುಹುರಿಯ ಸುತ್ತ ರಕ್ತಸ್ರಾವ

ಎಂಟು ತಿಂಗಳ ಗಂಡು ಮಗು. ತೂಕ 8 ಕೆಜಿ. ತಿಂಗಳು ತುಂಬಿ ಹುಟ್ಟಿದ್ದು, ಸಹಜ ಹೆರಿಗೆ. ನಮ್ಮ ಮಕ್ಕಳ ವಿಭಾಗಕ್ಕೆ ಬಂದಾಗ ತಾಯಿ ಹೇಳಿದ್ದು ಇಷ್ಟೇ: "ಮೇಡಂ, ಚೆನ್ನಾಗಿ ಕೂತ್ಕೋತಿದ್ದ. ಈಗ ಕೂತ್ಕೊಳ್ತಾನೇ ಇಲ್ಲ. ಎತ್ಕೊಂಡ್ರೆ ಕಿರುಚ್ತಾನೆ." ಕಲಿತದ್ದನ್ನು ಮಗು ಇದ್ದಕ್ಕಿದ್ದ ಹಾಗೆ ಬಿಟ್ಟರೆ ಅದು ಹಟವಲ್ಲ, ಹಲ್ಲು ಬರುವ ಕಿರಿಕಿರಿಯೂ ಅಲ್ಲ. ಎಲ್ಲೋ ನೋವಿದೆ, ಇಲ್ಲವೇ ನರಕ್ಕೆ ತೊಂದರೆಯಾಗಿದೆ. ಈ ಮಗುವಿಗೆ ಎರಡೂ ಆಗಿದ್ದವು.

ಹಿಮೋಫಿಲಿಯಾ ಅಂದರೆ ರಕ್ತ ಸರಿಯಾಗಿ ಹೆಪ್ಪುಗಟ್ಟದ ಹುಟ್ಟು ಕಾಯಿಲೆ. ಅದು ಇರುವ ಹಸುಗೂಸುಗಳಲ್ಲಿ ಬೆನ್ನುಮೂಳೆಯ ಒಳಗೆ ರಕ್ತ ಸೋರುವುದು ಅಪರೂಪ. ಆದರೆ ತಡವಾಗಿ ಗೊತ್ತಾದರೆ ಮಗು ಜೀವನಪೂರ್ತಿ ನಡೆಯದೇ ಹೋಗಬಹುದು. ಬೇಗ ಗೊತ್ತಾದರೆ ಎಷ್ಟೋ ಸಲ ಆಪರೇಷನ್ ಇಲ್ಲದೆಯೇ ವಾಸಿಯಾಗುತ್ತದೆ. ಈ ವ್ಯತ್ಯಾಸ ಇಷ್ಟು ದೊಡ್ಡದಾಗಿರುವುದರಿಂದಲೇ ಇದನ್ನು ಬರೆಯುತ್ತಿದ್ದೇನೆ. ಕುಟುಂಬದ ಒಪ್ಪಿಗೆ ಇದೆ. ಗುರುತು ಸಿಗದಂತೆ ಕೆಲವು ಸಣ್ಣ ವಿವರಗಳನ್ನು ಬದಲಿಸಿದ್ದೇನೆ.

ಮೊದಲ ನಾಲ್ಕು ದಿನ

ತಂದೆ ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಲೇತ್ ಕೆಲಸ ಮಾಡುತ್ತಾರೆ. ಹೆಗ್ಗನಹಳ್ಳಿಯಲ್ಲಿ ಬಾಡಿಗೆ ಮನೆ. ಬಾಣಂತನಕ್ಕೆಂದು ಮಧುಗಿರಿ ಕಡೆಯಿಂದ ಬಂದ ತಾಯಿಯ ಅಮ್ಮ ಇನ್ನೂ ಜೊತೆಗೇ ಇದ್ದರು.

ಒಂದು ಸಂಜೆ ಚಾಪೆಯ ಮೇಲೆ ಕೂತು ಆಡುತ್ತಿದ್ದ ಮಗು ಪಕ್ಕಕ್ಕೆ ವಾಲಿ ಬಿತ್ತು. ತಲೆಗೆ ಏಟಾಗಲಿಲ್ಲ. ಎತ್ತಿಕೊಂಡ ಮೇಲೆ ಸುಮ್ಮನಾಯಿತು. ಕೂರಲು ಕಲಿಯುವ ಮಗು ಹೀಗೆ ಬೀಳದೇ ಇರುತ್ತದೆಯೇ? ಮನೆಯವರು ಅದನ್ನು ಮರೆತರು.

ಮರುದಿನ ಕತ್ತು ಒಂದು ಕಡೆಗೆ ವಾಲಿತ್ತು. ರಾತ್ರಿಯೆಲ್ಲ ಅಳು. ಅಜ್ಜಿ ದೃಷ್ಟಿ ತೆಗೆದರು. ಉಳುಕಿರಬೇಕು ಎಂದುಕೊಂಡು ಬಿಸಿ ಎಣ್ಣೆ ಹಚ್ಚಿ ಕತ್ತು, ಬೆನ್ನು ನೀವಿದರು. ಹತ್ತಿರದ ಕ್ಲಿನಿಕ್ಕಿನಲ್ಲಿ ಹೊಟ್ಟೆನೋವಿನ ಹನಿ ಮತ್ತು ಪ್ಯಾರಸಿಟಮಾಲ್ ಕೊಟ್ಟರು. ಮೂರನೇ ದಿನ ಕೂರಿಸಿದರೆ ಮಗು ಮುಂದಕ್ಕೆ ಕುಸಿಯುತ್ತಿತ್ತು. ಡಯಾಪರ್ ಬದಲಿಸುವಾಗ ಒದ್ದು ಒದ್ದು ಆಟ ಆಡುತ್ತಿದ್ದ ಕಾಲುಗಳು ಸುಮ್ನೆ ಬಿದ್ದಿರುತ್ತಿದ್ದವು. ಡಯಾಪರ್ ಮೊದಲಿನಷ್ಟು ಒದ್ದೆಯಾಗುತ್ತಿಲ್ಲ ಎಂಬುದನ್ನೂ ತಾಯಿ ಗಮನಿಸಿದ್ದರು. ಹಾಲು ಕುಡಿಯುವುದು ಕಡಿಮೆಯಾಗಿರುವುದರಿಂದ ಹಾಗಾಗಿದೆ ಎಂದುಕೊಂಡಿದ್ದರು. ನಿಜಕ್ಕೂ ಮೂತ್ರಕೋಶ ತುಂಬಿ ನಿಂತಿತ್ತು. ಅದನ್ನು ಖಾಲಿ ಮಾಡುವ ನರಗಳು ಕೆಲಸ ಮಾಡುತ್ತಿರಲಿಲ್ಲ.

ನಾಲ್ಕನೇ ದಿನ ಮಗುವನ್ನು ಒಂದು ನರ್ಸಿಂಗ್ ಹೋಮ್‌ಗೆ ಸೇರಿಸಿದರು. ಸಣ್ಣ ಜ್ವರ, ಬಿಗಿದ ಕತ್ತು, ಮುಟ್ಟಿದರೆ ಅಳು. ಅಲ್ಲಿನ ವೈದ್ಯರಿಗೆ ಮೆದುಳು ಜ್ವರದ ಅನುಮಾನ ಬಂತು. ಅದು ತಪ್ಪೇನಲ್ಲ, ಯಾರಿಗಾದರೂ ಮೊದಲು ಬರುವ ಅನುಮಾನ ಅದೇ. ಬೆನ್ನಿನಿಂದ ನೀರು ತೆಗೆದು ಪರೀಕ್ಷೆ ಮಾಡಲು ಸಿದ್ಧತೆ ನಡೆಯಿತು.

ಆಗ ಅಲ್ಲಿನ ಒಬ್ಬ ಸಿಸ್ಟರ್ ಒಂದು ವಿಷಯ ಹೇಳಿದರು. ಬೆಳಿಗ್ಗೆ ರಕ್ತ ತೆಗೆದ ಮೊಣಕೈ ಮಡಿಕೆಯಲ್ಲಿ ಹತ್ತಿ ಮತ್ತೆ ಮತ್ತೆ ನೆನೆಯುತ್ತಿದೆ, ಸುತ್ತ ನೀಲಿ ಗಂಟು ಕಟ್ಟಿದೆ ಎಂದು. ವೈದ್ಯರು ಆ ಮಾತನ್ನು ತಳ್ಳಿಹಾಕಲಿಲ್ಲ. ಸೂಜಿ ಕೆಳಗಿಟ್ಟು ರಕ್ತ ಹೆಪ್ಪುಗಟ್ಟುವ ಪರೀಕ್ಷೆಗೆ ಕಳಿಸಿದರು. ಈ ಮಗು ಇವತ್ತು ಕಾಲೂರಿ ನಿಲ್ಲುತ್ತಿದ್ದರೆ ಅದರ ಮೊದಲ ಶ್ರೇಯ ಆ ಸಿಸ್ಟರ್‌ಗೆ, ಎರಡನೆಯದು ಅವರ ಮಾತು ಕೇಳಿದ ವೈದ್ಯರಿಗೆ ಸೇರಬೇಕು. ಹಿಮೋಫಿಲಿಯಾ ಇದೆ ಎಂದು ತಿಳಿಯದೆ ಬೆನ್ನಿಗೆ ಸೂಜಿ ಹಾಕಿದ್ದರೆ ಆ ಸೂಜಿಯ ದಾರಿಯಲ್ಲೇ ಇನ್ನಷ್ಟು ರಕ್ತ ಸೋರುವ ಅಪಾಯವಿತ್ತು.

ಒಂದೇ ಒಂದು ಅಂಕಿ

ಪ್ಲೇಟ್‌ಲೆಟ್ 3.9 ಲಕ್ಷ. ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯ ಅಳೆಯುವ ಪಿಟಿ ಪರೀಕ್ಷೆ 12.5 ಸೆಕೆಂಡ್. ಎರಡೂ ಸರಿಯಾಗಿದ್ದವು. ಹಿಮೋಗ್ಲೋಬಿನ್ 8.6, ಕಡಿಮೆ. ಹೆಪ್ಪುಗಟ್ಟುವ ಸಮಯದ ಇನ್ನೊಂದು ಪರೀಕ್ಷೆಯಾದ ಎಪಿಟಿಟಿ ಮಾತ್ರ 102 ಸೆಕೆಂಡ್. ಈ ವಯಸ್ಸಿನ ಮಗುವಿಗೆ 40ರ ಒಳಗೆ ಇರಬೇಕಾದದ್ದು.

ಇದರ ಅರ್ಥ ಕಷ್ಟದ್ದೇನಲ್ಲ. ಪ್ಲೇಟ್‌ಲೆಟ್ ಸಾಕಷ್ಟಿದೆ, ಹಾಗಾಗಿ ಡೆಂಗಿಯಂಥ ಕಾರಣ ಅಲ್ಲ. ಪಿಟಿ ಸರಿಯಿದೆ, ಹಾಗಾಗಿ ವಿಟಮಿನ್ ಕೆ ಕೊರತೆಯೂ ಅಲ್ಲ. ಎಪಿಟಿಟಿ ಒಂದೇ ಉದ್ದವಾಗಿದ್ದು, ಮಗು ಗಂಡಾಗಿದ್ದು, ರಕ್ತಸ್ರಾವವೂ ಇದ್ದರೆ ಮೊದಲು ಯೋಚಿಸಬೇಕಾದದ್ದು ಹಿಮೋಫಿಲಿಯಾ. ಫ್ಯಾಕ್ಟರ್ ಅಂದರೆ ರಕ್ತ ಹೆಪ್ಪುಗಟ್ಟಲು ಬೇಕಾದ ಪ್ರೋಟೀನ್. ಫ್ಯಾಕ್ಟರ್ 8 ಇಲ್ಲದಿದ್ದರೆ ಹಿಮೋಫಿಲಿಯಾ ಎ, ಫ್ಯಾಕ್ಟರ್ 9 ಇಲ್ಲದಿದ್ದರೆ ಹಿಮೋಫಿಲಿಯಾ ಬಿ. ಎ ಬಗೆಯದು ಸುಮಾರು 5,000 ಗಂಡು ಮಕ್ಕಳಲ್ಲಿ ಒಬ್ಬರಿಗೆ ಬರುತ್ತದೆ. ಬಿ ಅದಕ್ಕಿಂತ ತುಂಬಾ ಅಪರೂಪ. ಸುಮಾರು ಮೂರರಲ್ಲಿ ಒಂದು ಪ್ರಕರಣದಲ್ಲಿ ಮನೆತನದಲ್ಲಿ ಯಾರಿಗೂ ಈ ರೋಗ ಇದ್ದಿರುವುದಿಲ್ಲ. "ನಮ್ಮ ಮನೇಲಿ ಯಾರಿಗೂ ಇಲ್ಲ" ಎಂಬ ಉತ್ತರ ಕೇಳಿ ಸಮಾಧಾನ ಪಡುವ ಹಾಗಿಲ್ಲ.

ಎಪಿಟಿಟಿ ದುಬಾರಿ ಪರೀಕ್ಷೆಯಲ್ಲ. ಬೆಂಗಳೂರಿನ ಯಾವ ಸಾಧಾರಣ ಲ್ಯಾಬಿನಲ್ಲೂ ಅದೇ ದಿನ ಆಗುತ್ತದೆ. ಕಾರಣ ಗೊತ್ತಿಲ್ಲದೆ ಮಗುವಿನ ಮೈಮೇಲೆ ನೀಲಿ ಕಲೆ ಕಂಡರೆ, ಕಾಲಿನ ಬಲ ಕುಂದಿದರೆ, ಬೆನ್ನಿಗೆ ಸೂಜಿ ಹಾಕುವ ಮುಂಚೆ ಈ ಪರೀಕ್ಷೆ ಆಗಲೇಬೇಕು. ಇದರಲ್ಲಿ ನನಗೆ ಎರಡು ಮಾತಿಲ್ಲ.

ಮನೆಯವರಿಗೆ ಗೊತ್ತಿದ್ದದ್ದು

ಮಗು ನಮ್ಮಲ್ಲಿಗೆ ಬಂದ ಮೇಲೆ ಮೊದಲಿನಿಂದ ಎಲ್ಲವನ್ನೂ ಮತ್ತೆ ಕೇಳಿದೆವು. ಎಲ್ಲ ಸುಳಿವುಗಳೂ ಮನೆಯವರ ಹತ್ತಿರವೇ ಇದ್ದವು. ಅವನ್ನು ಒಟ್ಟಿಗೆ ಕೇಳಿದವರು ಇರಲಿಲ್ಲ, ಅಷ್ಟೇ.

ಒಂದೂವರೆ ತಿಂಗಳಿಗೆ ಹಾಕಿಸಿದ ಪೆಂಟಾವೇಲೆಂಟ್ ಚುಚ್ಚುಮದ್ದಿನ ಜಾಗದಲ್ಲಿ ತೊಡೆ ಊದಿ, ಗಂಟು ವಾರಗಟ್ಟಲೆ ಉಳಿದಿತ್ತು. "ಕೆಲವು ಮಕ್ಕಳಿಗೆ ಹಾಗಾಗುತ್ತೆ" ಎಂದು ಯಾರೋ ಹೇಳಿದ್ದರು. ಕಂಕುಳಲ್ಲಿ ಕೈಹಾಕಿ ಎತ್ತಿದ ಕಡೆ ಬೆರಳಚ್ಚಿನಂತೆ ನೀಲಿ ಗುರುತು ಮೂಡುತ್ತಿದ್ದವು. ಮೇಲ್ದುಟಿಯ ಒಳಗಿನ ಸಣ್ಣ ಎಳೆ ಹರಿದು ಎರಡು ದಿನ ರಕ್ತ ಜಿನುಗಿತ್ತು.

ಇನ್ನೊಂದು ವಿಷಯ. ಇಂಥ ನೀಲಿ ಕಲೆಗಳನ್ನು ನೋಡಿ ಮಗುವಿಗೆ ಯಾರೋ ಹೊಡೆದಿದ್ದಾರೆ ಎಂದು ಅನುಮಾನ ಪಡುವುದೂ ಉಂಟು. ಮಗುವಿನ ರಕ್ಷಣೆ ಮುಖ್ಯ, ಆ ಪ್ರಶ್ನೆ ಕೇಳಲೇಬೇಕು. ಆದರೆ ರಕ್ತ ಪರೀಕ್ಷೆಯ ಫಲಿತಾಂಶ ಬರುವ ಮುಂಚೆ ತಾಯಿಯನ್ನು ಅಪರಾಧಿಯಂತೆ ನೋಡುವುದು ಅನ್ಯಾಯ.

ಮನೆತನದ ಬಗ್ಗೆ ಕೇಳಿದಾಗ ಮೊದಲು ಎಲ್ಲರೂ ತಲೆಯಾಡಿಸಿದರು. ಸ್ವಲ್ಪ ಹೊತ್ತಾದ ಮೇಲೆ ಅಜ್ಜಿ ನಿಧಾನವಾಗಿ ಬಾಯಿಬಿಟ್ಟರು. "ನನ್ನ ತಮ್ಮ ಒಬ್ಬ ಇದ್ದ ಕಣಮ್ಮ. ಮಂಡಿ ಊದ್ಕೊಂಡು ಕುಂಟ್ತಿದ್ದ. ಹಲ್ಲು ಕೀಳಿಸಿದ್ಮೇಲೆ ರಕ್ತ ನಿಲ್ಲಲಿಲ್ಲ, ಹೋಗ್ಬಿಟ್ಟ." ಅಲ್ಲಿಗೆ ಕೊಂಡಿ ಸೇರಿತು. ಈ ರೋಗದ ದೋಷ ಎಕ್ಸ್ ಕ್ರೋಮೋಸೋಮಿನಲ್ಲಿ ಇರುತ್ತದೆ. ಅಜ್ಜಿಯಿಂದ ಮಗಳಿಗೆ, ಮಗಳಿಂದ ಮೊಮ್ಮಗನಿಗೆ ದಾಟಿತ್ತು.

ಮೊದಲ ರಾತ್ರಿ

ಇಂಥ ಪ್ರಕರಣದಲ್ಲಿ ಒಂದು ಕ್ರಮ ಇದೆ. ಅದು ತಲೆಕೆಳಗಾದರೆ ಕಷ್ಟ. ಮೊದಲು ಫ್ಯಾಕ್ಟರ್, ಆಮೇಲೆ ಸ್ಕ್ಯಾನ್. ಎಂಆರ್‌ಐ ಯಂತ್ರದ ಸರದಿಗಾಗಿ ಕಾಯುತ್ತ ಕೂರುವ ಪ್ರತಿ ಗಂಟೆಯೂ ರಕ್ತ ಸೋರುವ ಗಂಟೆಯೇ.

ಆದರೆ ಯಾವ ಫ್ಯಾಕ್ಟರ್? 8 ಇಲ್ಲವೋ 9 ಇಲ್ಲವೋ ಇನ್ನೂ ಗೊತ್ತಿರಲಿಲ್ಲ. ಮೊದಲು ಪರೀಕ್ಷೆಗೆ ಬೇಕಾದ ರಕ್ತ ತೆಗೆದಿಟ್ಟೆವು. ಪ್ಲಾಸ್ಮಾ ಕೊಟ್ಟ ಮೇಲೆ ತೆಗೆದರೆ ಫಲಿತಾಂಶ ಕಲಸಿಹೋಗುತ್ತದೆ. ನಂತರ ಕೆಜಿಗೆ 15 ಮಿಲಿಯಂತೆ 120 ಮಿಲಿ ಪ್ಲಾಸ್ಮಾ (ದಾನಿಗಳ ರಕ್ತದ ದ್ರವಭಾಗ) ಶುರು ಮಾಡಿದೆವು. ಅದರಲ್ಲಿ ಎರಡೂ ಫ್ಯಾಕ್ಟರ್ ಇರುತ್ತವೆ, ಆದರೆ ಮಟ್ಟ ಏರುವುದು ಸ್ವಲ್ಪವೇ. ಬೆನ್ನುಹುರಿಯ ರಕ್ತಸ್ರಾವಕ್ಕೆ ಅದು ಸಾಲದು, ಸ್ವಲ್ಪ ಹೊತ್ತಿನ ಆಸರೆ ಮಾತ್ರ. ಪ್ಲಾಸ್ಮಾದಿಂದ ಬೇರ್ಪಡಿಸಿ ತೆಗೆಯುವ ಕ್ರಯೋಪ್ರೆಸಿಪಿಟೇಟ್ ಕೂಡ ಇಂಥ ಹೊತ್ತಿಗೆ ನೆನಪಾಗುತ್ತದೆ. ಅದರಲ್ಲಿ ಫ್ಯಾಕ್ಟರ್ 8 ಇದೆ, 9 ಇಲ್ಲ. ಬಗೆ ಗೊತ್ತಿಲ್ಲದಾಗ ಅದನ್ನೇ ನಂಬಿ ಕೂರುವಂತಿಲ್ಲ.

ಮೊದಲೇ ತೆಗೆದಿಟ್ಟ ಮಗುವಿನ ರಕ್ತಕ್ಕೆ ಲ್ಯಾಬಿನಲ್ಲಿ ಆರೋಗ್ಯವಂತರ ಪ್ಲಾಸ್ಮಾ ಬೆರೆಸಿ ನೋಡಿದಾಗ ಎಪಿಟಿಟಿ ಸರಿಹೋಯಿತು. ಅಂದರೆ ಇದ್ದದ್ದು ಫ್ಯಾಕ್ಟರಿನ ಕೊರತೆಯೇ. ಸ್ವಲ್ಪ ಹೊತ್ತಿನಲ್ಲಿ ಫ್ಯಾಕ್ಟರ್ 8ರ ಮಟ್ಟ ಬಂತು, ಶೇ 1ಕ್ಕಿಂತ ಕಡಿಮೆ. ತೀವ್ರ ಹಿಮೋಫಿಲಿಯಾ ಎ.

ಕೆಜಿಗೆ 1 ಯೂನಿಟ್ ಫ್ಯಾಕ್ಟರ್ 8 ಕೊಟ್ಟರೆ ಮಟ್ಟ ಸುಮಾರು ಶೇ 2 ಏರುತ್ತದೆ. ಮೆದುಳು, ಬೆನ್ನುಹುರಿಯ ರಕ್ತಸ್ರಾವಕ್ಕೆ ಶೇ 80ರಿಂದ 100 ತಲುಪಬೇಕು. ಹಾಗಾಗಿ ಕೆಜಿಗೆ 50 ಯೂನಿಟ್, ಈ ಮಗುವಿಗೆ 400. ಬಾಟಲಿ ಸಿಗುವುದು 250, 500, 1000 ಯೂನಿಟ್‌ಗಳಲ್ಲಿ. 500ರ ಬಾಟಲಿಯನ್ನು ಪೂರ್ತಿ ಕೊಟ್ಟೆವು. ಇಷ್ಟು ಬೆಲೆಬಾಳುವ ಔಷಧಿಯಲ್ಲಿ 100 ಯೂನಿಟ್ ಚೆಲ್ಲುವುದರಲ್ಲಿ ಅರ್ಥವಿಲ್ಲ. ಅದೂ ಅಲ್ಲದೆ ಎಳೆ ಮಕ್ಕಳಲ್ಲಿ ಮಟ್ಟ ಲೆಕ್ಕದಷ್ಟು ಏರುವುದಿಲ್ಲ, ಬೇಗ ಇಳಿಯುತ್ತದೆ. ಅರ್ಧ ಗಂಟೆಯ ನಂತರ ನೋಡಿದಾಗ ಮಟ್ಟ ಶೇ 90ರ ಹತ್ತಿರ ಇತ್ತು. ಆಮೇಲೆ 8 ಗಂಟೆಗೊಮ್ಮೆ 250 ಯೂನಿಟ್.

ಇದಾದ ಮೇಲೆಯೇ ಎಂಆರ್‌ಐ. ಕುತ್ತಿಗೆಯ ನಡುವಿನಿಂದ ಸೊಂಟದ ಮೇಲ್ಭಾಗದವರೆಗೆ ಬೆನ್ನುಹುರಿಯ ಹೊದಿಕೆಯ ಹೊರಗೆ, ಹಿಂಬದಿಯಲ್ಲಿ, ರಕ್ತ ಉದ್ದಕ್ಕೆ ಹರಡಿತ್ತು. ಹುರಿ ಮುಂದಕ್ಕೆ ಒತ್ತಿಹೋಗಿತ್ತು. ಹುರಿಯ ಒಳಗೆ ಗಾಯದ ಗುರುತು ಇರಲಿಲ್ಲ. ತಲೆಯೊಳಗೂ ರಕ್ತ ಇರಲಿಲ್ಲ.

ಅಷ್ಟು ಸಣ್ಣ ಬೀಳುವಿಕೆಗೆ ಇಷ್ಟೆಲ್ಲ ಹೇಗೆ? ಬೆನ್ನುಮೂಳೆಯ ಒಳಗೆ ಹುರಿಯ ಸುತ್ತ ತೆಳು ಗೋಡೆಯ ರಕ್ತನಾಳಗಳ ಬಲೆಯಿದೆ. ಇವಕ್ಕೆ ಕವಾಟಗಳಿಲ್ಲ. ಮಗು ಜೋರಾಗಿ ಅತ್ತರೆ, ಮುಕ್ಕಿದರೆ ಹೊಟ್ಟೆಯ ಒತ್ತಡ ನೇರವಾಗಿ ಅಲ್ಲಿಗೆ ತಲುಪುತ್ತದೆ. ಕೂರಲು, ತೆವಳಲು ಶುರುಮಾಡುವ ವಯಸ್ಸಿನಲ್ಲಿ ಕತ್ತು, ಬೆನ್ನು ಹೊಸದಾಗಿ ಬಾಗುತ್ತವೆ. ಒಂದು ನಾಳ ಹರಿದರೆ ಸಾಕು. ಬೇರೆ ಮಗುವಿನಲ್ಲಿ ಅದು ನಿಮಿಷಗಳಲ್ಲಿ ಮುಚ್ಚಿಕೊಳ್ಳುತ್ತದೆ. ಇಲ್ಲಿ ದಿನಗಟ್ಟಲೆ ಸೋರುತ್ತದೆ. ಎಷ್ಟೋ ಮಕ್ಕಳಲ್ಲಿ ಬಿದ್ದ ನೆನಪೂ ಇರುವುದಿಲ್ಲ. ಮಗುವಿಗೆ ಹಿಮೋಫಿಲಿಯಾ ಇದೆ ಎಂದು ಮೊದಲ ಸಲ ಗೊತ್ತಾಗುವುದೇ ಈ ರಕ್ತಸ್ರಾವದಿಂದ ಎಂಬುದೂ ಉಂಟು.

ಆಪರೇಷನ್ ಬೇಕೇ?

ದೊಡ್ಡವರಲ್ಲಿ ಹೀಗಾಗಿ ಕಾಲಿನ ಬಲ ಹೋದರೆ ತಕ್ಷಣ ಮೂಳೆ ತೆರೆದು ಹೆಪ್ಪು ತೆಗೆಯುವುದು ವಾಡಿಕೆ. ಹಿಮೋಫಿಲಿಯಾ ಇರುವ ಹಸುಗೂಸಿನಲ್ಲಿ ಲೆಕ್ಕ ಬೇರೆ. ಈ ವಯಸ್ಸಿನಲ್ಲಿ ಹುರಿಯ ಹೊದಿಕೆಯ ಹೊರಗಿನ ಜಾಗ ಸಡಿಲ, ಮೆತ್ತನೆ ಕೊಬ್ಬು ಇರುತ್ತದೆ. ರಕ್ತ ಒಂದೇ ಕಡೆ ಗಟ್ಟಿಯಾಗಿ ಒತ್ತದೆ, ಮರಳಿನ ಮೇಲೆ ಸುರಿದ ನೀರಿನ ಹಾಗೆ ಉದ್ದಕ್ಕೆ ಹರಡುತ್ತದೆ. ಹಾಗಾಗಿ ಸ್ಕ್ಯಾನ್‌ನಲ್ಲಿ ಭಯಂಕರವಾಗಿ ಕಂಡರೂ ಹುರಿಗೆ ಸ್ವಲ್ಪ ಬಿಡುವು ಸಿಕ್ಕಿರುತ್ತದೆ. ಹರಡಿದ ಈ ರಕ್ತವನ್ನೆಲ್ಲ ತೆಗೆಯಬೇಕೆಂದರೆ ಹತ್ತಾರು ಮೂಳೆಗಳ ಹಿಂಬದಿ ತೆರೆಯಬೇಕು. ಬೆಳೆಯುವ ಮಗುವಿನಲ್ಲಿ ಅದು ಮುಂದೆ ಗೂನಿಗೆ ದಾರಿ ಮಾಡಬಹುದು.

ನ್ಯೂರೋಸರ್ಜನ್ ಜೊತೆ ಆ ರಾತ್ರಿಯೇ ಮಾತಾಡಿದೆವು. ಕಾಲಿನ ಚಲನೆ ಪೂರ್ತಿ ನಿಂತಿರಲಿಲ್ಲ, ಪಾದಕ್ಕೆ ಕಚಗುಳಿ ಇಟ್ಟರೆ ಬೆರಳು ಸ್ವಲ್ಪ ಆಡುತ್ತಿತ್ತು. ಫ್ಯಾಕ್ಟರ್ ಮಟ್ಟ ಏರಿತ್ತು. ಕಾಯೋಣ, ಆದರೆ ಗಂಟೆಗೊಮ್ಮೆ ನೋಡೋಣ ಎಂದು ತೀರ್ಮಾನವಾಯಿತು. ಬಲ ಇನ್ನೂ ಕುಂದಿದರೆ, ಉಸಿರಾಟ ಬದಲಾದರೆ ಫ್ಯಾಕ್ಟರ್ ರಕ್ಷಣೆಯಲ್ಲಿ ತಕ್ಷಣ ಆಪರೇಷನ್. ಥಿಯೇಟರಿಗೂ ತಿಳಿಸಿಟ್ಟೆವು. ಉಸಿರಾಟದ ಮಾತು ಬಂದದ್ದಕ್ಕೆ ಕಾರಣವಿದೆ. ಉಸಿರಾಟಕ್ಕೆ ಬೇಕಾದ ಮುಖ್ಯ ಸ್ನಾಯುವಾದ ವಪೆಯನ್ನು ಆಡಿಸುವ ನರ ಕುತ್ತಿಗೆಯ ಹುರಿಯಿಂದಲೇ ಹೊರಡುತ್ತದೆ.

"ಕಾಯೋಣ" ಅನ್ನುವುದು ಸುಮ್ಮನೆ ಕೂರುವುದಲ್ಲ. ಮೂತ್ರಕ್ಕೆ ಟ್ಯೂಬ್ ಹಾಕಿತ್ತು. ಮಾಂಸಖಂಡಕ್ಕೆ ಒಂದೂ ಇಂಜೆಕ್ಷನ್ ಇಲ್ಲ. ರಕ್ತ ತೆಗೆದ ಪ್ರತಿ ಜಾಗವನ್ನೂ ಹತ್ತು ನಿಮಿಷ ಒತ್ತಿಹಿಡಿಯಬೇಕು. ನೋವಿಗೆ ಪ್ಯಾರಸಿಟಮಾಲ್ ಮಾತ್ರ. ಐಬುಪ್ರೊಫೆನ್, ಮೆಫೆನಾಮಿಕ್ ಆಸಿಡ್ ಪ್ಲೇಟ್‌ಲೆಟ್ ಕೆಲಸಕ್ಕೆ ಅಡ್ಡಿ ಮಾಡುತ್ತವೆ, ಅವು ಬೇಡ. ಮಗುವನ್ನು ಎತ್ತುವಾಗ ಕತ್ತು, ಬೆನ್ನು ಒಂದೇ ಸಾಲಿನಲ್ಲಿ ಇರುವಂತೆ ಎತ್ತುವುದನ್ನು ಅಮ್ಮನಿಗೂ ಅಜ್ಜಿಗೂ ಕಲಿಸಿದೆವು.

ನಮ್ಮ ದೇಶದಲ್ಲಿ 15 ವರ್ಷದೊಳಗಿನ ಮಗುವಿನ ಕಾಲಿನ ಬಲ ಇದ್ದಕ್ಕಿದ್ದಂತೆ ಕುಂದಿ ಜೋಲುಬಿದ್ದರೆ ಪೋಲಿಯೊ ಕಣ್ಗಾವಲಿಗೆ ವರದಿ ಮಾಡಿ, 24 ಗಂಟೆ ಅಂತರದಲ್ಲಿ ಎರಡು ಸಲ ಮಲದ ಮಾದರಿ ಕಳಿಸಬೇಕು. ಕಾರಣ ಗೊತ್ತಿದ್ದರೂ ಈ ಕೆಲಸ ಬಿಡುವಂತಿಲ್ಲ. ಅದನ್ನೂ ಮಾಡಿದೆವು.

ಮರುದಿನ ಮಧ್ಯಾಹ್ನ ಬಲಗಾಲು ಮಡಚಿತು. ಅದನ್ನು ಮೊದಲು ನೋಡಿದ್ದು ತಂದೆ. ಮೂರನೇ ದಿನ ಕತ್ತು ನೆಟ್ಟಗಾಯಿತು. ಒಂದು ವಾರದೊಳಗೆ ಟ್ಯೂಬ್ ತೆಗೆದ ಮೇಲೆ ಮೂತ್ರ ತಾನಾಗಿ ಹೋಯಿತು. ಹತ್ತನೇ ದಿನದ ಎಂಆರ್‌ಐನಲ್ಲಿ ಹೆಪ್ಪು ಅರ್ಧಕ್ಕಿಂತ ಕಡಿಮೆಯಾಗಿತ್ತು. ಆಪರೇಷನ್ ಬೇಕಾಗಲಿಲ್ಲ. ಫ್ಯಾಕ್ಟರ್ ಪ್ರಮಾಣವನ್ನು ನಿಧಾನವಾಗಿ ಇಳಿಸುತ್ತ ಮೂರು ವಾರ ಮುಂದುವರಿಸಿದೆವು. ಲಕ್ಷಣ ಮಾಯವಾಯಿತೆಂದು ನಡುವೆ ನಿಲ್ಲಿಸಿದರೆ ಅದೇ ಜಾಗದಲ್ಲಿ ಮತ್ತೆ ರಕ್ತ ಬರಬಹುದು.

ಎಡ ಪಾದದ ಬಲ ಪೂರ್ತಿ ಬಂದಿಲ್ಲ. ಫಿಸಿಯೋಥೆರಪಿ ನಡೆಯುತ್ತಿದೆ. 14ನೇ ತಿಂಗಳಿಗೆ ಮಂಚ ಹಿಡಿದು ನಿಂತಿದ್ದಾನೆ. ಎರಡು ದಿನ ಮುಂಚೆ ಬಂದಿದ್ದರೆ ಆ ಪಾದವೂ ಸರಿಯಾಗುತ್ತಿತ್ತು ಎಂದು ನನ್ನ ನಂಬಿಕೆ.

ಮುಂದಿನ ದಾರಿ

ತೀವ್ರ ಹಿಮೋಫಿಲಿಯಾ ಎ ಇರುವವರಲ್ಲಿ ಸುಮಾರು ಶೇ 30 ಜನರ ದೇಹ, ಹೊರಗಿನಿಂದ ಕೊಟ್ಟ ಫ್ಯಾಕ್ಟರ್ 8ನ್ನು ಶತ್ರು ಎಂದುಕೊಂಡು ಅದರ ವಿರುದ್ಧ ಪ್ರತಿಕಾಯ ಬೆಳೆಸುತ್ತದೆ. ಇವನ್ನು ಇನ್‌ಹಿಬಿಟರ್ ಎನ್ನುತ್ತಾರೆ. ಇವು ಬಂದರೆ ಫ್ಯಾಕ್ಟರ್ ಕೊಟ್ಟರೂ ಕೆಲಸ ಮಾಡುವುದಿಲ್ಲ. ಎಳೆ ವಯಸ್ಸಿನಲ್ಲಿ, ಮೊದಲ ಸಲವೇ ಹೀಗೆ ದಿನಗಟ್ಟಲೆ ಜಾಸ್ತಿ ಪ್ರಮಾಣ ಕೊಡಬೇಕಾಗಿ ಬಂದರೆ ಆ ಅಪಾಯ ಹೆಚ್ಚು. ಬೇರೆ ದಾರಿ ಇರಲಿಲ್ಲ. ಆಗಾಗ ಪರೀಕ್ಷೆ ಮಾಡುತ್ತಿದ್ದೇವೆ. ಇದುವರೆಗೆ ಇನ್‌ಹಿಬಿಟರ್ ಕಂಡಿಲ್ಲ.

ಬೆನ್ನುಹುರಿಯ ಸುತ್ತ ಒಮ್ಮೆ ರಕ್ತ ಬಂದ ಮಗುವನ್ನು "ಮತ್ತೆ ಬಂದಾಗ ನೋಡೋಣ" ಎಂದು ಮನೆಗೆ ಕಳಿಸುವಂತಿಲ್ಲ. ತಡೆಯುವ ಔಷಧಿ ನಿರಂತರವಾಗಿ ಬೇಕು. ಮೊದಲು ವಾರಕ್ಕೆ ಎರಡು ಸಲ ಫ್ಯಾಕ್ಟರ್ ಕೊಟ್ಟೆವು. ದುಂಡು ಕೈಯಲ್ಲಿ ರಕ್ತನಾಳ ಹುಡುಕುವುದು ಮಗುವಿಗೂ ಅಮ್ಮನಿಗೂ ಹಿಂಸೆ. ಆಮೇಲೆ ಎಮಿಸಿಜುಮ್ಯಾಬ್‌ಗೆ ಬದಲಾಯಿಸಿದೆವು. ಇದು ಫ್ಯಾಕ್ಟರ್ 8 ಮಾಡುವ ಕೆಲಸವನ್ನು ಬೇರೆ ರೀತಿ ಮಾಡುತ್ತದೆ, ಫ್ಯಾಕ್ಟರ್ 9 ಮತ್ತು 10ನ್ನು ಒಂದಕ್ಕೊಂದು ಜೋಡಿಸುತ್ತದೆ. ಚರ್ಮದ ಕೆಳಗೆ ಕೊಟ್ಟರೆ ಸಾಕು. ಮೊದಲ ನಾಲ್ಕು ವಾರ ವಾರಕ್ಕೊಮ್ಮೆ ಕೆಜಿಗೆ 3 ಮಿಲಿಗ್ರಾಂ, ಆಮೇಲೆ ಅಂತರ ಹೆಚ್ಚಿಸಬಹುದು. ಮನೆಯವರು ನೆನಪಿಡಬೇಕಾದದ್ದು ಎರಡು. ಇದು ತಡೆಯುವ ಔಷಧಿ, ರಕ್ತ ಬರುತ್ತಿರುವಾಗ ನಿಲ್ಲಿಸುವ ಔಷಧಿಯಲ್ಲ. ಆಗ ಫ್ಯಾಕ್ಟರೇ ಬೇಕು. ಇನ್ನೊಂದು, ಇದರ ಮೇಲಿರುವ ಮಗುವಿನ ಎಪಿಟಿಟಿ ಸರಿಯಾಗಿಯೇ ಕಾಣುತ್ತದೆ. ಗೊತ್ತಿಲ್ಲದ ವೈದ್ಯರು ಅದನ್ನು ನೋಡಿ "ಏನೂ ಇಲ್ಲ" ಎಂದುಬಿಡಬಹುದು.

ಹಾಗಾಗಿ ಒಂದು ಕಾಗದ ಬರೆದುಕೊಟ್ಟಿದ್ದೇವೆ. ರೋಗ, ತೀವ್ರತೆ, ತೆಗೆದುಕೊಳ್ಳುತ್ತಿರುವ ಔಷಧಿ, ತುರ್ತಿನಲ್ಲಿ ಕೆಜಿಗೆ ಎಷ್ಟು ಯೂನಿಟ್ ಎಂಬುದೆಲ್ಲ ಅದರಲ್ಲಿದೆ. ಗೊರಗುಂಟೆಪಾಳ್ಯದ ಟ್ರಾಫಿಕ್ಕಿನಲ್ಲಿ ಒಂದು ಗಂಟೆ ಕಳೆದರೆ ಅದು ಮಗುವಿನ ಗಂಟೆ. ನಮ್ಮಲ್ಲಿಗೇ ಬರಬೇಕೆಂದಿಲ್ಲ, ಫ್ಯಾಕ್ಟರ್ ಸಿಗುವ ಹತ್ತಿರದ ಆಸ್ಪತ್ರೆಯಲ್ಲಿ ಮೊದಲ ಡೋಸ್ ಹಾಕಿಸಿಕೊಂಡು ಆಮೇಲೆ ಬನ್ನಿ ಎಂದು ಹೇಳಿದ್ದೇವೆ. ರಾಜ್ಯದ ಸರ್ಕಾರಿ ಆಸ್ಪತ್ರೆಗಳಲ್ಲಿ ಫ್ಯಾಕ್ಟರ್ ಉಚಿತವಾಗಿ ಸಿಗುವ ವ್ಯವಸ್ಥೆ ಇದೆ. ದಾವಣಗೆರೆಯ ಕರ್ನಾಟಕ ಹಿಮೋಫಿಲಿಯಾ ಸೊಸೈಟಿಯಂಥ ಸಂಸ್ಥೆಗಳು ಈ ಕುಟುಂಬಗಳಿಗಾಗಿ ಎಷ್ಟೋ ವರ್ಷಗಳಿಂದ ದುಡಿಯುತ್ತಿವೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಹಿಮೋಫಿಲಿಯಾ ಸೇರಿದೆ. ಅಂಗವಿಕಲರ ಗುರುತಿನ ಕಾರ್ಡಿಗೆ ಅರ್ಜಿ ಹಾಕಿಸಿದೆವು. ಉಳಿದ ಲಸಿಕೆಗಳನ್ನೂ ಬಿಡಿಸಲಿಲ್ಲ. ಸಣ್ಣ ಸೂಜಿ, ಸಾಧ್ಯವಿದ್ದರೆ ಚರ್ಮದ ಕೆಳಗೆ, ಆಮೇಲೆ ಗಟ್ಟಿಯಾಗಿ ಒತ್ತಿಹಿಡಿಯುವುದು.

ಅಮ್ಮನ ಫೈಲು

ಅಜ್ಜಿ ತುಂಬಾ ದಿನ ಅತ್ತರು. ತಾನು ನೀವಿದ್ದರಿಂದಲೇ ಹೀಗಾಯಿತೇನೋ ಎಂಬ ಸಂಕಟ. ಎಣ್ಣೆ ಹಚ್ಚುವ ಮುಂಚೆಯೇ ಕತ್ತು ವಾಲಿತ್ತು, ರಕ್ತ ಆಗಲೇ ಸೋರುತ್ತಿತ್ತು ಎಂದು ಹೇಳಿದೆ. ಅದು ನಿಜ. ತಂದೆಯ ಕಡೆಯ ಕೆಲವರು "ಹೆಣ್ಣಿನ ಮನೆಯಿಂದ ಬಂದ ಕಾಯಿಲೆ" ಎಂದು ಆಡಿಕೊಂಡಿದ್ದರು. ಮಗುವಿನ ತಂದೆ ಅವರನ್ನೇ ಆಸ್ಪತ್ರೆಗೆ ಕರೆತಂದು ನನ್ನ ಮುಂದೆ ಕೂರಿಸಿದರು. "ಮೇಡಂ, ನೀವೇ ಇವರಿಗೆ ಬಿಡಿಸಿ ಹೇಳಿ" ಎಂದರು. ಹೇಳಿದೆ.

ಆಮೇಲೆ ತಾಯಿಯ ರಕ್ತವನ್ನೂ ಪರೀಕ್ಷಿಸಿದೆವು. ಅವರ ಫ್ಯಾಕ್ಟರ್ 8 ಶೇ 31. ಇಂಥ ಹೆಂಗಸರನ್ನು ಬರೀ ವಾಹಕರು ಎಂದು ಕರೆದು ಕೈಬಿಡುವುದು ತಪ್ಪು. ಶೇ 40ಕ್ಕಿಂತ ಕಡಿಮೆ ಇದ್ದರೆ ಅದು ಅವರಿಗೇ ಇರುವ ಸೌಮ್ಯ ಹಿಮೋಫಿಲಿಯಾ. ಮುಟ್ಟಿನಲ್ಲಿ ವಾರಕ್ಕಿಂತ ಜಾಸ್ತಿ ರಕ್ತ ಹೋಗುತ್ತಿತ್ತಂತೆ. ತಮ್ಮ ಅಮ್ಮನಿಗೂ ಹಾಗೇ ಇತ್ತು, ಎಲ್ಲರಿಗೂ ಹೀಗೇ ಇರುತ್ತದೆ ಎಂದುಕೊಂಡಿದ್ದರು. ಈಗ ಆ ದಿನಗಳಿಗೆ ರಕ್ತಸ್ರಾವ ತಗ್ಗಿಸುವ ಟ್ರಾನೆಕ್ಸಾಮಿಕ್ ಆಸಿಡ್ ಮಾತ್ರೆ ಕೊಟ್ಟಿದ್ದೇವೆ. ಅವರ ಹೆಸರಿನಲ್ಲೂ ಒಂದು ಫೈಲು ತೆರೆದಿದ್ದೇವೆ. ಹಲ್ಲು ಕೀಳಿಸುವ ಮುಂಚೆ, ಯಾವುದೇ ಆಪರೇಷನ್‌ಗೆ ಮುಂಚೆ ನಮಗೆ ತಿಳಿಸಬೇಕು. ಮತ್ತೆ ಗರ್ಭಿಣಿಯಾದರೆ ಏಳನೇ ತಿಂಗಳ ನಂತರ ಫ್ಯಾಕ್ಟರ್ ಮಟ್ಟ ನೋಡಬೇಕು. ಹೆರಿಗೆಯಲ್ಲಿ ವ್ಯಾಕ್ಯೂಮ್, ಫೋರ್ಸೆಪ್ಸ್ ಬಳಸಬಾರದು. ಗಂಡು ಮಗು ಹುಟ್ಟಿದರೆ ಹೊಕ್ಕುಳಬಳ್ಳಿಯ ರಕ್ತದಲ್ಲೇ ಫ್ಯಾಕ್ಟರ್ 8 ಪರೀಕ್ಷಿಸಬೇಕು, ಫಲಿತಾಂಶ ಬರುವವರೆಗೆ ಮಾಂಸಖಂಡಕ್ಕೆ ಸೂಜಿ ಹಾಕದೆ ವಿಟಮಿನ್ ಕೆಯನ್ನು ಬಾಯಿಂದ ಕೊಡಬೇಕು. ಇದೆಲ್ಲ ಅವರ ತಾಯಿ ಕಾರ್ಡಿನಲ್ಲೂ ಬರೆದಿದೆ. ಮದುವೆ ಮಾತು ನಡೆಯುತ್ತಿರುವ ಅವರ ತಂಗಿಯೂ ಮುಂದಿನ ವಾರ ಪರೀಕ್ಷೆಗೆ ಬರಲಿದ್ದಾರೆ. ಅವರನ್ನು ಒಪ್ಪಿಸಿದವರು ಅಜ್ಜಿ.